ಘಟ್ಟದ ಮೇಲಣ ನಗರಕ್ಕೆ ಕಡಲಿನ ಬಾಗಿಲು

ಯಶವಂತಪುರದ ರೈಲು ನಿಲ್ದಾಣದಲ್ಲಿ ನಿಂತವನಿಗೆ ಕಡಲಿನ ನೆನಪಾಗುವುದು ಕಷ್ಟ. ಸುತ್ತಲೂ ಈರುಳ್ಳಿ, ಆಲೂಗೆಡ್ಡೆಗಳ ಮಂಡಿಗಳು, ಕಾರ್ಖಾನೆಗಳು, ಮೂಟೆ ಹೊತ್ತ ಹಮಾಲಿಗಳು. ಸಮುದ್ರ ಮಟ್ಟಕ್ಕಿಂತ ಸುಮಾರು ೩೦೦೦ ಅಡಿ ಎತ್ತರದ ನೆಲ ಇದು. ಆದರೂ ಇಲ್ಲಿಂದ ಪಡುವಣಕ್ಕೆ ಹೊರಟ ಹಳಿಯೊಂದು ಹಾಸನ, ಸಕಲೇಶಪುರಗಳನ್ನು ದಾಟಿ, ಘಟ್ಟವನ್ನಿಳಿದು ಮಂಗಳೂರನ್ನು ಸೇರುತ್ತದೆ. ಅಲ್ಲಿ ಪಣಂಬೂರಿನಲ್ಲಿರುವ ನವಮಂಗಳೂರು ಬಂದರೇ ಕರ್ನಾಟಕದ ಏಕೈಕ ಮಹಾಬಂದರು.

ಮಂಗಳೂರಿಗೆ ಬಂದರು ಹೊಸದೇನೂ ಅಲ್ಲ. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಈ ಪಟ್ಟಣವನ್ನು ಕಂಡು ಬರೆದಿದ್ದಾನೆ. ಆದರೆ ನೇತ್ರಾವತಿ, ಗುರುಪುರ ನದಿಗಳು ಕೂಡಿ ಕಡಲನ್ನು ಸೇರುವ ಅಳಿವೆಯಲ್ಲಿ ಮರಳು ತುಂಬಿಕೊಳ್ಳುತ್ತಿದ್ದುದರಿಂದ ದೊಡ್ಡ ಹಡಗುಗಳು ಒಳಬರುವಂತಿರಲಿಲ್ಲ. ಅವು ದೂರದಲ್ಲೇ ಲಂಗರು ಹಾಕುತ್ತಿದ್ದವು. ಹಂಚು, ಕಾಫಿ, ಗೋಡಂಬಿಗಳನ್ನು ದೋಣಿಗಳು ಅಲ್ಲಿಗೆ ಮುಟ್ಟಿಸಬೇಕಾಗಿತ್ತು. ಮಳೆಗಾಲ ಹಿಡಿಯಿತೆಂದರೆ ಅದೂ ನಿಂತುಹೋಗುತ್ತಿತ್ತು. ವರ್ಷದ ಕೆಲವು ತಿಂಗಳು ಬಾಗಿಲು ಮುಚ್ಚಿಕೊಳ್ಳುವ ಬಂದರನ್ನು ನಂಬಿ ಯಾವ ದೊಡ್ಡ ಉದ್ಯಮ ತಾನೇ ನೆಲೆಯೂರೀತು?

ಈ ಕೊರತೆಯನ್ನು ನೀಗಲು ಪಟ್ಟುಹಿಡಿದವರು ಲೋಕಸಭಾ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು. ಬಜ್ಪೆಯ ವಿಮಾನ ನಿಲ್ದಾಣ, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜುಗಳ ಹಿಂದೆಯೂ ಅವರದೇ ದುಡಿಮೆ. ಹಳೆಯ ಅಳಿವೆಯ ಉತ್ತರಕ್ಕೆ, ಪಣಂಬೂರಿನ ಮರಳು ನೆಲವನ್ನೇ ಅಗೆದು ಒಳಗೊಂದು ಕೊಳವನ್ನು ನಿರ್ಮಿಸಿ, ಅದಕ್ಕೆ ಕಡಲಿನಿಂದ ಕಾಲುವೆ ತೆಗೆಯುವ ಕೆಲಸ ೧೯೬೨ರಲ್ಲಿ ಆರಂಭವಾಯಿತು. ೧೯೬೫ರ ಡಿಸೆಂಬರಿನಲ್ಲಿ ಮಲ್ಯರು ತೀರಿಕೊಂಡರು. ಹಡಗು ಒಳಬಂದುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ೧೯೭೪ರ ಮೇ ೪ರಂದು ಅದು ದೇಶದ ಒಂಬತ್ತನೆಯ ಮಹಾಬಂದರೆಂದು ಘೋಷಿತವಾಯಿತು. ೧೯೭೫ರ ಜನವರಿ ೧೧ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು.

ಅಗೆದ ಆ ನೆಲ ಬರಿಯ ಮರಳಾಗಿರಲಿಲ್ಲ. ಅಲ್ಲಿ ತೆಂಗಿನ ತೋಟಗಳಿದ್ದವು, ಮನೆಗಳಿದ್ದವು. ಎಬ್ಬಿಸಿದ ಕುಟುಂಬಗಳಿಗೆ ಒಳನಾಡಿನ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನಿವೇಶನ ಕೊಡಲಾಯಿತು. ಕಡಲ ಮೊರೆತ ಕೇಳುತ್ತ ಮಲಗುತ್ತಿದ್ದವರು ಗುಡ್ಡದ ಮುರಕಲ್ಲಿನ ಮೇಲೆ ಹೊಸದಾಗಿ ಬಾವಿ ತೋಡಿ ಬದುಕು ಹೂಡಬೇಕಾಯಿತು. ನಂದನೇಶ್ವರನ ದೇಗುಲ ಮಾತ್ರ ಪಣಂಬೂರಿನಲ್ಲೇ ಉಳಿದಿದೆ. ಬಂದರಿನ ಲೆಕ್ಕ ಬರೆಯುವವರು ಟನ್ನುಗಳ ಜೊತೆಗೆ ಈ ಮನೆಗಳನ್ನೂ ಒಂದು ಪುಟದಲ್ಲಿ ಬರೆದಿಟ್ಟರೆ ನ್ಯಾಯ.

ಬಂದರಿನ ಮೊದಲ ದಶಕಗಳ ಹೆಮ್ಮೆ ಕುದುರೆಮುಖದ ಕಬ್ಬಿಣದ ಅದಿರು. ಬೆಟ್ಟದಲ್ಲಿ ಪುಡಿಮಾಡಿದ ಅದಿರನ್ನು ನೀರಿನಲ್ಲಿ ಕಲಸಿ ೬೭ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ ೨೦೦೫ರ ಕೊನೆಗೆ ಗಣಿ ನಿಂತಿತು. ಅಷ್ಟರಲ್ಲಿ ೧೯೯೬ರಲ್ಲಿ ಕೆಲಸಕ್ಕೆ ತೊಡಗಿದ ತೈಲ ಶುದ್ಧೀಕರಣಾಗಾರ ಆಸರೆಯಾಗಿ ನಿಂತಿತ್ತು. ಇಂದು ಕಚ್ಚಾತೈಲ, ಅಡುಗೆ ಅನಿಲ, ಕಲ್ಲಿದ್ದಲು, ರಸಗೊಬ್ಬರ, ಖಾದ್ಯತೈಲ, ಕಾಫಿ ಎಲ್ಲ ಸೇರಿ ವರ್ಷಕ್ಕೆ ನಾಲ್ಕು ಕೋಟಿ ಟನ್ನಿಗೂ ಮಿಕ್ಕಿದ ಸರಕು ಇಲ್ಲಿ ಏರಿಳಿಯುತ್ತದೆ.

ಹಡಗು ಬರುವ ರೀತಿಯೇ ಒಂದು ನೋಟ. ಹೊರಗಡಲಿನಲ್ಲಿ ನಿಂತ ಹಡಗಿಗೆ ಬಂದರಿನ ಪೈಲಟ್ ದೋಣಿಯಲ್ಲಿ ಹೋಗಿ, ಹಗ್ಗದ ಏಣಿ ಹಿಡಿದು ಹತ್ತುತ್ತಾನೆ. ಏಳೂವರೆ ಕಿಲೋಮೀಟರಿನಷ್ಟು ಉದ್ದದ ಕಾಲುವೆಯಲ್ಲಿ ಅವನ ಮಾತಿನಂತೆ ಆ ಉಕ್ಕಿನ ಬೆಟ್ಟ ಮೆಲ್ಲನೆ ಸಾಗುತ್ತದೆ. ಒಳಗೆ ಟಗ್ಗುಗಳು ಅದನ್ನು ನೂಕಿ, ಎಳೆದು ಧಕ್ಕೆಗೆ ಸೇರಿಸುತ್ತವೆ. ಮುಂಗಾರಿನ ಅಲೆಗಳು ತಂದೊಡ್ಡಿದ ಹೂಳನ್ನು ಪ್ರತಿವರ್ಷವೂ ತೆಗೆಯದಿದ್ದರೆ ಈ ಕಾಲುವೆ ಹಳೆಯ ಅಳಿವೆಯ ಹಾದಿಯನ್ನೇ ಹಿಡಿದೀತು.

ಇಷ್ಟಿದ್ದರೂ ಬೆಂಗಳೂರಿನ ವ್ಯಾಪಾರಿಯ ಕಂಟೇನರುಗಳು ಬಹುಪಾಲು ವೈಟ್‌ಫೀಲ್ಡಿನಿಂದ ಚೆನ್ನೈಗೆ ಹೋಗುತ್ತವೆ. ದೂರ ಎರಡಕ್ಕೂ ಹೆಚ್ಚುಕಡಮೆ ಒಂದೇ, ಸುಮಾರು ೩೫೦ ಕಿಲೋಮೀಟರು. ಅಲ್ಲಿಗೆ ಹಡಗುಗಳ ಓಡಾಟ ಹೆಚ್ಚು ಎಂಬುದು ನಿಜ. ಆದರೆ ನಡುವೆ ಅಡ್ಡ ನಿಂತಿರುವುದು ಘಟ್ಟ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ೫೫ ಕಿಲೋಮೀಟರಿನಲ್ಲಿ ೫೭ ಸುರಂಗಗಳಿವೆ; ಐವತ್ತು ಮೀಟರು ಸಾಗುವುದರೊಳಗೆ ಒಂದು ಮೀಟರು ಏರಬೇಕು. ೧೯೭೯ರಲ್ಲಿ ಮೀಟರ್ ಗೇಜಾಗಿ ತೆರೆದ ಈ ಮಾರ್ಗ, ಹಳಿ ಅಗಲಗೊಳಿಸುವ ಸಲುವಾಗಿ ಸುಮಾರು ಹತ್ತು ವರ್ಷ ಮುಚ್ಚಿತ್ತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು ೨೦೦೭ರ ಡಿಸೆಂಬರಿನಲ್ಲಿ. ೨೦೧೮ರ ಆಗಸ್ಟಿನ ಮಳೆಗೆ ಗುಡ್ಡಗಳು ಜರಿದು ಹಲವು ವಾರ ಸಂಚಾರವೇ ನಿಂತುಹೋಯಿತು. ಪಕ್ಕದ ಶಿರಾಡಿಯ ರಸ್ತೆಯ ಪಾಡೂ ಮಳೆಗಾಲದಲ್ಲಿ ಬೇರೆಯಲ್ಲ.

ಘಟ್ಟಕ್ಕೆ ಬೆದರದೆ ಮೇಲೆ ಬರುವುದು ಎಣ್ಣೆ. ೨೦೦೩ರಲ್ಲಿ ಸಿದ್ಧವಾದ ಕೊಳವೆಮಾರ್ಗ ನೆಲದಡಿಯಲ್ಲಿ ಮಂಗಳೂರಿನಿಂದ ಹಾಸನಕ್ಕೂ, ಅಲ್ಲಿಂದ ಬೆಂಗಳೂರಿನ ಹೊರವಲಯದ ದೇವನಗೊಂದಿಗೂ ಪೆಟ್ರೋಲು, ಡೀಸೆಲುಗಳನ್ನು ಮುಟ್ಟಿಸುತ್ತದೆ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಸಾಲುಗಟ್ಟಿ ನಿಂತ ವಾಹನಗಳಲ್ಲಿ ಎಷ್ಟೋ, ಪಣಂಬೂರಿನಲ್ಲಿ ಹಡಗಿನಿಂದಿಳಿದ ಎಣ್ಣೆಯನ್ನೇ ಉರಿಸುತ್ತಿರುತ್ತವೆ. ಕಾಫಿಯ ಮೂಟೆಗೂ ಗೊಬ್ಬರದ ವ್ಯಾಗನ್ನಿಗೂ ಆ ಸುಖವಿಲ್ಲ. ಅವು ಹಿಂದೊಂದು ಮುಂದೊಂದು ಎಂಜಿನ್ನು ಕಟ್ಟಿಕೊಂಡು, ಮಳೆಯನ್ನು ನೋಡಿಕೊಂಡೇ ಘಟ್ಟ ದಾಟಬೇಕು.