ಪಂಚಾಯತ್‌ವರೆಗೆ ಬಂದ ಫೈಬರ್ ನಮ್ಮ ಮನೆಗೆ ಯಾವಾಗ?

2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕ್ಕದ ಒಂದು ಚಿತ್ರ ದೇಶವೆಲ್ಲ ಸುತ್ತಿತು. ರಸ್ತೆ ಬದಿಯಲ್ಲಿ ಕುಳಿತ ಹುಡುಗಿ ಮೊಬೈಲ್‌ನಲ್ಲಿ ಪಾಠ ಕೇಳುತ್ತಿದ್ದಳು, ಸುರಿಯುವ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತಿದ್ದರು. ಮನೆಯಲ್ಲಿ ರೇಂಜ್ ಇರಲಿಲ್ಲ, ಅಷ್ಟೇ ಕಾರಣ.

ಕೊರೊನಾ ಹೋಯಿತು, ಶಾಲೆಯೂ ತೆರೆಯಿತು. ಆದರೆ ರೇಂಜಿನ ಅಗತ್ಯ ಕಡಿಮೆ ಆಯಿತಾ? ಇಲ್ಲ. ಸ್ಕಾಲರ್‌ಶಿಪ್ ಅರ್ಜಿ, ರೇಷನ್ ಕಾರ್ಡಿನ ಇ-ಕೆವೈಸಿ, ಪರೀಕ್ಷೆಯ ಫಲಿತಾಂಶ ಎಲ್ಲವೂ ಆನ್‌ಲೈನ್. ಗಲ್ಫ್‌ನಲ್ಲಿರುವ ಮಗನ ಮುಖ ನೋಡಲಿಕ್ಕೂ ಉಮ್ಮನಿಗೆ ಅದೇ ಬೇಕು. ಬೆಳ್ತಂಗಡಿ, ಸುಳ್ಯ, ಕಡಬದ ಗುಡ್ಡೆ-ಕಾಡಿನ ನಡುವಿನ ಊರುಗಳಲ್ಲಿ ಟವರಿನ ಸಿಗ್ನಲ್ ಎಲ್ಲ ಮನೆಗೂ ತಲುಪುವುದಿಲ್ಲ. ಅಂಥಲ್ಲಿ ಗಟ್ಟಿ ದಾರಿ ಎಂದರೆ ಫೈಬರ್.

ಪ್ರತಿ ಗ್ರಾಮ ಪಂಚಾಯತ್‌ಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಆದರೆ ಹೆಚ್ಚಿನ ಕಡೆ ಲೈನ್ ಒಂದೇ ಸಾಲಿನಲ್ಲಿ ಹೋಗಿತ್ತು. ರಸ್ತೆ ಅಗಲ ಮಾಡುವಾಗ ಜೆಸಿಬಿ ಒಂದು ಕಡೆ ಕಡಿದರೆ ಅದರಾಚೆಯ ಪಂಚಾಯತ್‌ಗಳೆಲ್ಲ ಬಂದ್. 2023ರ ಆಗಸ್ಟ್‌ನಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಇದರಲ್ಲಿ ಲೈನ್ ಬಳೆಯ ಹಾಗೆ ಸುತ್ತಿ ಬರ್ತದೆ. ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ.

ನಾವು ಗಮನಿಸಬೇಕಾದ ಮಾತು ಇನ್ನೊಂದಿದೆ. ಪಂಚಾಯತ್ ಕೇಂದ್ರದ ಆಚೆಯ ಹಳ್ಳಿಗಳಿಗೆ ಈ ಯೋಜನೆಯಲ್ಲಿ ಸಂಪರ್ಕ ಸಿಗುವುದು ಬೇಡಿಕೆ ಇದ್ದರೆ ಮಾತ್ರ. ಕೇಳಿದ ಊರಿಗೆ ಬರ್ತದೆ, ಸುಮ್ಮನಿದ್ದ ಊರು ಹಿಂದೆ ಉಳೀತದೆ. ನಮ್ಮಲ್ಲಿ ಗ್ರಾಮಸಭೆ ಎಂದರೆ 'ನಮಗೇನು ಕೆಲಸ ಅಲ್ಲಿ' ಎನ್ನುವವರೇ ಜಾಸ್ತಿ. ಈ ಸಲವಾದರೂ ಹೋಗೋಣ. ಒಬ್ಬೊಬ್ಬರೇ ಕೇಳುವುದಕ್ಕಿಂತ ಅಕ್ಕಪಕ್ಕದ ಹತ್ತು ಮನೆಯವರು, ಯಾವ ಜಾತಿ-ಮತದವರೇ ಇರಲಿ, ಒಟ್ಟಿಗೆ ಸಹಿ ಹಾಕಿ ಅರ್ಜಿ ಕೊಟ್ಟರೆ ತೂಕ ಹೆಚ್ಚು. ಒಂದೇ ಮನೆಗೆ ಕಂಬ ಹಾಕಿ ಲೈನ್ ಎಳೆಯುವುದು ಯಾರಿಗೂ ಗಿಟ್ಟುವುದಿಲ್ಲ, ಹತ್ತು ಮನೆಗಾದರೆ ಖರ್ಚು ಹಂಚಿ ಹೋಗುತ್ತದೆ.

ಕನೆಕ್ಷನ್ ತೆಗೆದುಕೊಳ್ಳುವಾಗ ಸ್ಪೀಡ್ ಎಷ್ಟು ಎಂದು ಸರಿಯಾಗಿ ಕೇಳಿ. ಬ್ರಾಡ್‌ಬ್ಯಾಂಡ್ ಎನ್ನಲಿಕ್ಕೆ ಮೊದಲು 512 ಕೆಬಿಪಿಎಸ್ ಸಾಕಿತ್ತು, 2023ರಿಂದ ಕನಿಷ್ಠ 2 ಎಂಬಿಪಿಎಸ್ ಇರಬೇಕು. ಮಕ್ಕಳ ವಿಡಿಯೊ ಪಾಠ, ಗಲ್ಫ್‌ನ ಕರೆ ಒಟ್ಟಿಗೆ ನಡೆಯಲಿಕ್ಕೆ ಅದೂ ಸಾಲದು. ಕರೆಂಟ್ ಹೋದರೆ ಮೋಡೆಮ್ ಕೂಡ ಆಫ್, ಆದ್ದರಿಂದ ಸಣ್ಣದೊಂದು ಬ್ಯಾಟರಿ ಬ್ಯಾಕಪ್ ಇಟ್ಟುಕೊಳ್ಳಿ. ಗುಡುಗು ಶುರುವಾಗುವ ಮೊದಲೇ ಪ್ಲಗ್ ತೆಗೆಯಿರಿ, ಕರೆಂಟಿನ ವಯರಿನಲ್ಲಿ ಬರುವ ಸಿಡಿಲಿಗೆ ಮೋಡೆಮ್ ಸುಟ್ಟುಹೋಗುತ್ತದೆ.

ರಸ್ತೆ, ನೀರು, ಕರೆಂಟ್ ಕೇಳುವಾಗ ನಮಗೆ ಸಂಕೋಚ ಇಲ್ಲ. ಇನ್ನು ಮುಂದೆ ಆ ಪಟ್ಟಿಗೆ ಫೈಬರನ್ನೂ ಸೇರಿಸೋಣ.