ನವೋದಯಕ್ಕೆ ನಂಬರ್ ಹತ್ತಿದವರು, ಹತ್ತದವರು

ಮಹಾರಾಷ್ಟ್ರದ ಗಡಿಭಾಗದ ಅಕ್ಕಲಕೋಟ ತಾಲೂಕಿನ ವಾಗದರಿಯಂಥ ಊರಲ್ಲಿ ಐದನೆಯ ತರಗತಿಯ ಮಗುವಿದ್ದ ಮನೆಯಲ್ಲಿ ಪೋಖರಾಪುರದ ಮಾತು ಬಾರದೆ ಇರದು. ಸೊಲ್ಲಾಪುರ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಇರುವುದು ಮೋಹೋಳ ತಾಲೂಕಿನ ಆ ಊರಲ್ಲಿ. ಆರನೆಯ ತರಗತಿಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು, ಅದೂ ಇಡೀ ಜಿಲ್ಲೆಗೆ. ಊಟ, ವಸತಿ, ಪುಸ್ತಕ, ಬಟ್ಟೆ ಎಲ್ಲವೂ ಸರಕಾರದ್ದು. ಪ್ರವೇಶ ಪರೀಕ್ಷೆಯಲ್ಲಿ ನಂಬರ್ ಹತ್ತಿದರೆ, ಅಂದರೆ ಆಯ್ಕೆಯಾದರೆ, ಹುಡುಗ ಶಾಣ್ಯಾ, ಹತ್ತದಿದ್ದರೆ ದಡ್ಡ. ಹತ್ತು–ಹನ್ನೊಂದರ ವಯಸ್ಸಿಗೇ ಹೀಗೆ ತೀರ್ಪು ಕೊಡುವವರ ಬಾಯಲ್ಲಿ ಕೆಲವು ಮಾತುಗಳು ಸದಾ ಇರುತ್ತವೆ.

“ಆ ಸಾಲಿಗೆ ಹೋದ್ರನ ಹುಡುಗ್ರು ಶಾಣ್ಯಾ ಆಗೋದು”

ನವೋದಯದ ಫಲಿತಾಂಶ ಚೆನ್ನಾಗಿರುತ್ತದೆ, ನಿಜ. ಆದರೆ ಜಿಲ್ಲೆಯ ಚುರುಕಾದ ಮಕ್ಕಳನ್ನು ಆರಿಸಿಕೊಂಡ ಶಾಲೆಯ ಫಲಿತಾಂಶದಲ್ಲಿ ಶಾಲೆಯ ಪಾಲೆಷ್ಟು, ಮಕ್ಕಳು ಮೊದಲೇ ತಂದ ಬಂಡವಾಳವೆಷ್ಟು? ಪಟ್ಟಿಯ ಮೊದಲಿಗನನ್ನು ಕೊನೆಯವನೊಡನೆ ಹೋಲಿಸಿದರೆ ಇದು ಗೊತ್ತಾಗದು. ಕಟ್‌ಆಫ್‌ನ ಗೆರೆಯ ಬಳಿ ನಿಂತು ನೋಡಬೇಕು. ಒಂದೇ ಅಂಕದಲ್ಲಿ ಒಳಹೋದ ಮಗು, ಒಂದೇ ಅಂಕದಲ್ಲಿ ಹೊರಗುಳಿದ ಮಗು, ಇಬ್ಬರ ಬುದ್ಧಿಯೂ ಹೆಚ್ಚುಕಡಿಮೆ ಒಂದೇ. ಮುಂದಿನ ವರ್ಷಗಳಲ್ಲಿ ಅವರ ನಡುವೆ ಅಂತರ ಬೆಳೆದರೆ ಅದು ಶಾಲೆಯದು.

ಅರ್ಥಶಾಸ್ತ್ರಜ್ಞರು ಇದನ್ನೇ ಮಾಡಿದರು. ಬೋಸ್ಟನ್ ಮತ್ತು ನ್ಯೂಯಾರ್ಕ್‌ನ ಪ್ರವೇಶ ಪರೀಕ್ಷೆಯ ಹೈಸ್ಕೂಲುಗಳನ್ನು ಕುರಿತು ಅಬ್ದುಲ್ಕಾದಿರೊಗ್ಲು, ಆಂಗ್ರಿಸ್ಟ್, ಪಾಠಕ್ ಎಂಬ ಮೂವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೆರೆಯ ಆಚೆ ಈಚೆಯ ಮಕ್ಕಳ ಮುಂದಿನ ಪರೀಕ್ಷಾ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೀನ್ಯಾದ ಪ್ರತಿಷ್ಠಿತ ಸರಕಾರಿ ಶಾಲೆಗಳ ಬಗ್ಗೆ ಅದೇ ವರ್ಷ ಬಂದ ಇನ್ನೊಂದು ಅಧ್ಯಯನದ್ದೂ ಹೆಚ್ಚುಕಡಿಮೆ ಇದೇ ಉತ್ತರ. ರೊಮೇನಿಯಾದಲ್ಲಿ ಮಾತ್ರ ಒಳ್ಳೆಯ ಶಾಲೆ ಸೇರಿದವರಿಗೆ ಅಂಕ ಸ್ವಲ್ಪ ಏರಿತ್ತು. ಆದರೆ ಅಲ್ಲಿಯೂ ಮಗು ಒಳ್ಳೆಯ ಶಾಲೆ ಸೇರಿತೆಂದು ತಂದೆತಾಯಿ ಮನೆಪಾಠ ನೋಡುವುದನ್ನು ಕಡಿಮೆ ಮಾಡಿದ್ದರು.

ಇವನ್ನು ಪೋಖರಾಪುರಕ್ಕೆ ಹಾಗೆಯೇ ಅನ್ವಯಿಸಲಾಗದು. ಬೋಸ್ಟನ್ನಿನಲ್ಲಿ ಹೊರಗುಳಿದ ಮಗುವಿಗೂ ತಕ್ಕಮಟ್ಟಿನ ಶಾಲೆ ಸಿಗುತ್ತದೆ. ನಮ್ಮ ಕಡೆ ರಾತ್ರಿ ಓದಲು ಜಾಗವಿಲ್ಲದ ಮನೆಯಿಂದ ಬಂದ ಮಗುವಿಗೆ ಮೂರು ಹೊತ್ತಿನ ಊಟ, ಹಾಸಿಗೆ, ಪ್ರಯೋಗಾಲಯ, ಹನ್ನೆರಡನೆಯವರೆಗೆ ಓದು ತಪ್ಪದೆಂಬ ಖಾತ್ರಿ ಸಣ್ಣ ಲಾಭವಲ್ಲ. ಆ ಲಾಭ ಕಡಿಮೆ ಸಿಗುವುದು ಅದಿಲ್ಲದೆಯೂ ನಡೆಯುತ್ತಿದ್ದ ಮನೆಯ ಮಗುವಿಗೆ. ಕೋಚಿಂಗ್ ಕ್ಲಾಸಿಗೆ ಹಚ್ಚಿ ತಯಾರು ಮಾಡಿಸುವವರಲ್ಲಿ ಇಂಥ ಮನೆಯವರೇ ಮುಂದೆ.

“ನವೋದಯದವರು ಐಐಟಿಗೆ ಹೋಗ್ತಾರ” ಎನ್ನುವವರು ಇನ್ನೊಂದು ಸಂಗತಿ ಮರೆಯುತ್ತಾರೆ. 2007ರಲ್ಲಿ ಆರಂಭವಾದ ದಕ್ಷಣಾ ಫೌಂಡೇಶನ್ ನವೋದಯದ ಮಕ್ಕಳಿಗೆ ಮತ್ತೊಂದು ಪರೀಕ್ಷೆಯಿಟ್ಟು, ಆಯ್ದವರಿಗೆ ಉಚಿತವಾಗಿ ಐಐಟಿ, ವೈದ್ಯಕೀಯ ಪ್ರವೇಶದ ತರಬೇತಿ ಕೊಡುತ್ತದೆ. ಅವರು ಎರಡು ಜರಡಿ ದಾಟಿದ ಮಕ್ಕಳು.

“ಪರೀಕ್ಷಾ ಅಂದ್ರ ಬುದ್ಧಿವಂತಿಕಿ ಅಳಿಯೋದು”

ಎರಡು ತಾಸು, 80 ಪ್ರಶ್ನೆ, 100 ಅಂಕ. ಅದರಲ್ಲಿ ಗಣಿತಕ್ಕೆ 25, ಭಾಷೆಗೆ 25. ಉಳಿದ 50 ಅಂಕ ‘ಮಾನಸಿಕ ಸಾಮರ್ಥ್ಯ’ದ್ದು: ಗುಂಪಿಗೆ ಸೇರದ ಆಕೃತಿ ಯಾವುದು, ಕನ್ನಡಿಯಲ್ಲಿ ಇದು ಹೇಗೆ ಕಾಣುತ್ತದೆ, ಮಡಚಿ ಕತ್ತರಿಸಿದ ಕಾಗದ ಬಿಚ್ಚಿದರೆ ಹೇಗಿರುತ್ತದೆ. ಇದು ಹುಟ್ಟುಬುದ್ಧಿಯ ಭಾಗವೆಂದು ಹೆಸರೇ ಹೇಳುವಂತಿದೆ. ನನಗೆ ಕಾಣುವಂತೆ, ತರಬೇತಿಗೆ ಇಷ್ಟು ಸುಲಭವಾಗಿ ಬಗ್ಗುವ ಭಾಗ ಬೇರೆ ಇಲ್ಲ. ಐದನೆಯ ತರಗತಿಯ ಪಾಠಪುಸ್ತಕಗಳು ಈ ಆಕೃತಿಗಳನ್ನು ಹೀಗೆ ಸಾಲುಸಾಲಾಗಿ ತಿದ್ದಿಸುವುದಿಲ್ಲ, ಕ್ಲಾಸಿನವರು ವರ್ಷವಿಡೀ ತಿದ್ದಿಸುತ್ತಾರೆ. ಐನೂರು ಆಕೃತಿ ಬಿಡಿಸಿದವನಿಗೂ ಪರೀಕ್ಷೆಯ ದಿನವೇ ಮೊದಲು ನೋಡುವವನಿಗೂ ಪ್ರಶ್ನೆಪತ್ರಿಕೆ ಒಂದೇ. ಓಎಂಆರ್ ಹಾಳೆಯ ವೃತ್ತ ತುಂಬುವುದಕ್ಕೂ ಕೈ ಪಳಗಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ ಎಂಬ ಸಣ್ಣ ಮಾತನ್ನು ಯಾರೂ ಹೇಳದ ಕಾರಣ, ಗೊತ್ತಿಲ್ಲದ ಪ್ರಶ್ನೆಯನ್ನು ಖಾಲಿ ಬಿಡುವ ಪ್ರಾಮಾಣಿಕ ಮಕ್ಕಳೂ ಇರುತ್ತಾರೆ.

“ಹಳ್ಳಿ ಮಕ್ಕಳಿಗಂತನ ಇಟ್ಟಾರಲ್ಲ, ಮತ್ತೇನ ಅನ್ಯಾಯ?”

1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ನವೋದಯದ ಉದ್ದೇಶ ಅದೇ. ಕನಿಷ್ಠ 75 ಪ್ರತಿಶತ ಸೀಟು ಗ್ರಾಮೀಣ ಮಕ್ಕಳಿಗೆ, ಮೂರರಲ್ಲೊಂದು ಪಾಲು ಹುಡುಗಿಯರಿಗೆ. ಆದರೆ ‘ಗ್ರಾಮೀಣ’ ಎಂದರೆ ಮೂರು, ನಾಲ್ಕು, ಐದನೆಯ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರು ಎಂದಷ್ಟೇ ಅರ್ಥ. ಹಳ್ಳಿಯಲ್ಲೇ ಇರುವ ನೌಕರದಾರನ ಮಗನೂ ಗ್ರಾಮೀಣ, ಕೂಲಿಯವಳ ಮಗಳೂ ಗ್ರಾಮೀಣ. ಇಬ್ಬರ ಪೈಪೋಟಿ ಅದೇ 75ರೊಳಗೆ. ಕಬ್ಬು ಕಡಿಯಲು ದೀಪಾವಳಿಯ ಹೊತ್ತಿಗೆ ಗಾಡಿ ಹತ್ತುವ ಕುಟುಂಬದ ಮಗುವಿಗೆ ವರ್ಷ ಪೂರ್ತಿ ಒಂದೇ ಶಾಲೆಯಲ್ಲಿ ಕೂರುವುದೇ ಕಷ್ಟ. ಜಾತಿವಾರು ಮೀಸಲಾತಿಯಿಂದ ‘ನಮ್ಮ ಹುಡುಗನ ಸೀಟು ಹೋಯ್ತು’ ಎಂದು ಗೊಣಗುವವರು ಈ 75ರ ಒಳಗಿನ ಅಂತರದ ಬಗ್ಗೆ ಮಾತಾಡಿದ್ದು ಅಪರೂಪ.

“ಆಳಂದದಾಗ ಹೆಸರು ಹಚ್ಚಿದ್ರ ಆತು”

ಆಳಂದ ಗಡಿಯಾಚೆ, ಕರ್ನಾಟಕದಲ್ಲಿದೆ. ಆ ಕಡೆಯ ವಾಗದರಿ–ರಿಬ್ಬನಪಲ್ಲಿ ಹೆದ್ದಾರಿಗೆ ನಮ್ಮ ವಾಗದರಿಯದೇ ಹೆಸರು, ಬೀಗತನವೂ ಅದೇ ದಾರಿಯುದ್ದಕ್ಕೆ. ಆದರೆ ಈ ಉಪಾಯ ನಡೆಯದು. ಮಗು ವಾಸವಿರುವ ಮತ್ತು ಐದನೆಯ ತರಗತಿ ಓದುತ್ತಿರುವ ಜಿಲ್ಲೆ ಒಂದೇ ಆಗಿರಬೇಕು, ದಾಖಲೆ ತಪಾಸಣೆಯಲ್ಲಿ ಸೀಟು ಹೋಗುತ್ತದೆ. ಆರನೆಯ ತರಗತಿಗೆ ಪರೀಕ್ಷೆ ಬರೆಯಲು ಅವಕಾಶ ಒಂದೇ ಸಲ. ಬಾಗಿಲು ಅಲ್ಲಿಗೇ ಮುಚ್ಚಿತೆಂದಲ್ಲ, ಒಂಬತ್ತನೆಯ ತರಗತಿಯ ಖಾಲಿ ಸೀಟುಗಳಿಗೆ ಬೇರೆ ಪರೀಕ್ಷೆ ಇದೆ.

“ಕನ್ನಡದಾಗ ಕಲ್ತವ್ರಿಗೆ ಆಗಂಗಿಲ್ಲ”

ನವೋದಯ ಪರೀಕ್ಷೆಯ ಭಾಷೆಗಳಲ್ಲಿ ಕನ್ನಡವೂ ಒಂದು. ಯಾವ ರಾಜ್ಯಕ್ಕೆ ಯಾವ ಭಾಷೆಗಳೆಂಬ ಕೋಷ್ಟಕ ಪ್ರತಿವರ್ಷದ ಮಾಹಿತಿಪತ್ರದಲ್ಲಿರುತ್ತದೆ. ಅರ್ಜಿ ತುಂಬುವ ಮೊದಲು ಅದನ್ನು ನೋಡಬೇಕು. ನಿಜವಾದ ತೊಡಕು ಒಳಹೋದ ಮೇಲಿನದು. ನಿಯಮದಂತೆ ಎಂಟನೆಯವರೆಗೆ ಪ್ರಾದೇಶಿಕ ಭಾಷೆಯ ಮಾಧ್ಯಮ, ಅಂದರೆ ಸೊಲ್ಲಾಪುರದಲ್ಲಿ ಮರಾಠಿ. ಆಮೇಲೆ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ, ಸಮಾಜ ಹಿಂದಿಯಲ್ಲಿ. ಕನ್ನಡ ಶಾಲೆಯ ಮಗು ನಾಲ್ಕು ವರ್ಷದೊಳಗೆ ಮೂರು ಭಾಷೆಗೆ ಒಗ್ಗಬೇಕು. ಗಡಿಯ ಮಕ್ಕಳು ಬೀದಿಯಲ್ಲೇ ಮರಾಠಿ ಕಲಿತಿರುತ್ತಾರಾದ್ದರಿಂದ ಒಗ್ಗುತ್ತಾರೆ. ಆದರೆ ಕನ್ನಡ ಓದುಬರಹ ಅಲ್ಲಿಗೇ ನಿಲ್ಲುತ್ತದೆ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡಿಗರಿಗೆ ಗಡಿನಾಡ ಕನ್ನಡಿಗರೆಂಬ ಅರ್ಹತೆ ಇದೆ. ಅದಕ್ಕೆ ಆ ಪ್ರದೇಶದಲ್ಲೇ ಓದಿರಬೇಕೆಂಬ ಷರತ್ತೂ, ಕನ್ನಡ ಬರಬೇಕೆಂಬ ಷರತ್ತೂ ಉಂಟು. ಪೋಖರಾಪುರ ಇರುವ ಮೋಹೋಳ ಆ ಪಟ್ಟಿಯಲ್ಲಿಲ್ಲ.

“ನಂಬರ್ ಹತ್ತಲಿಲ್ಲ, ಮುಗೀತು”

ಎಂಟನೆಯ ತರಗತಿಯಲ್ಲಿ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಬರುತ್ತದೆ. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ಮೀರದ, ಸರಕಾರಿ ಅಥವಾ ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಮಹಾರಾಷ್ಟ್ರದಲ್ಲಿ ಪುಣೆಯ ಪರೀಕ್ಷಾ ಪರಿಷತ್ತು ಇದನ್ನು ಕನ್ನಡದಲ್ಲೂ ನಡೆಸುತ್ತದೆ. ನವೋದಯದ ವಿದ್ಯಾರ್ಥಿಗಳು ಇದಕ್ಕೆ ಕೂರುವಂತಿಲ್ಲ. ಊರ ಶಾಲೆಯಲ್ಲೇ ಉಳಿದ ಮಗು ಮಾತ್ರ ಕೂರಬಹುದು, ಅದರ ಅರ್ಧ ಪತ್ರಿಕೆಯೂ ಅದೇ ಮಾನಸಿಕ ಸಾಮರ್ಥ್ಯದ್ದು. ಐದನೆಯಲ್ಲಿ ತಿದ್ದಿದ ಆ ಆಕೃತಿಗಳ ಪುಸ್ತಕವನ್ನು ರದ್ದಿಗೆ ಹಾಕಬೇಡಿ.