ಗಾಣದ ಬುಡದಲ್ಲಿ ಕಬ್ಬಿನ ಹಾಲು, ಒಲೆಯ ಮುಂದೆ ತೊಡೆದೇವು

ಸಂಕ್ರಾಂತಿ ಕಳೆಯಿತೆಂದರೆ ಶಿರಸಿ, ಸಿದ್ದಾಪುರ, ಸಾಗರದ ಕಡೆ ಭತ್ತ ಕೊಯ್ದು ಬರಿದಾದ ಗದ್ದೆಗಳಲ್ಲಿ ಚಪ್ಪರಗಳು ಏಳುತ್ತವೆ. ಅಡಿಕೆ ಮರದ ಕಂಬ, ಮೇಲೆ ಸೋಗೆಯ ಹೊದಿಕೆ. ಒಂದು ಬದಿಗೆ ಗಾಣ, ಇನ್ನೊಂದು ಬದಿಗೆ ನೆಲ ಅಗೆದು ಮಾಡಿದ ಒಲೆ, ಅದರ ಮೇಲೆ ಅಗಲ ಬಾಯಿಯ ಕೊಪ್ಪರಿಗೆ. ಇದೇ ಆಲೆಮನೆ. ಮೊದಲೆಲ್ಲ ಇದು ಆಯಾ ಊರಿನವರು ತಮ್ಮ ಮನೆಯ ಬೆಲ್ಲ ಮಾಡಿಕೊಳ್ಳುವ ಜಾಗವಾಗಿತ್ತು. ಈಗ ಎಷ್ಟೋ ಕಡೆ ಎರಡು ತಿಂಗಳ ಮಟ್ಟಿಗಿನ ಅಂಗಡಿಯೂ ಹೌದು. ಮರದ ಬೆಂಚು ಹಾಕಿರುತ್ತಾರೆ, ಹಾಲಿನ ಬಕೆಟ್ಟಿಗೆ ತೆಳು ಬಟ್ಟೆ ಮುಚ್ಚಿರುತ್ತಾರೆ, ಮೂಲೆಯಲ್ಲಿ ಮಿರ್ಚಿ ಭಜೆಯ ಬಾಣಲೆ ಚುಂಯ್ ಎನ್ನುತ್ತಿರುತ್ತದೆ. ಬೆಂಚಿನ ಮೇಲೆ ಕೂತವರನ್ನು ಮನೆಯವರು ವಿಚಾರಿಸುವ ಮೊದಲ ಮಾತು ಇಂದಿಗೂ ಬದಲಾಗಿಲ್ಲ: “ಬನ್ನಿ ಬನ್ನಿ, ಆಸ್ರಿಗೆ ಆಗ್ಲಿ ಮೊದ್ಲು.” ಆಸ್ರಿಗೆ ಎಂದರೆ ಬಾಯಾರಿಕೆಗೆ ಕುಡಿಯುವುದು.

ಗಾಣ ತಿರುಗಿಸುವುದು ಜೋಡಿ ಕೋಣ. ಡೀಸೆಲ್ ಎಂಜಿನ್ ಬಂದ ಮೇಲೆ ಕೋಣದ ಗಾಣ ಅಪರೂಪವಾಗಿದೆ. ಇರುವ ಕಡೆ ಅದನ್ನು ನೋಡಲೆಂದೇ ಜನ ಸೇರುತ್ತಾರೆ. ಉದ್ದನೆಯ ತೊಲೆಯ ತುದಿಗೆ ಕಟ್ಟಿದ ಕೋಣಗಳು ಅವಸರವಿಲ್ಲದೆ ಸುತ್ತು ಹಾಕುತ್ತವೆ. ನಡುವೆ ನಿಂತ ಕಬ್ಬಿಣದ ಉರುಳೆಗಳ ಬುಡದಲ್ಲಿ ಕಬ್ಬು ಕೊಡುವವನು ತಗ್ಗಿ ಕೂತಿರುತ್ತಾನೆ. ತೊಲೆ ತಲೆಯ ಮೇಲಿಂದ ಹಾದುಹೋಗುವಾಗ ಅವನು ಕತ್ತೆತ್ತಿಯೂ ನೋಡುವುದಿಲ್ಲ, ಅದರ ಸುತ್ತು ಅವನ ಮೈಗೆ ಗೊತ್ತು. ಎರಡು ಮೂರು ಜಲ್ಲೆ ಒಟ್ಟಿಗೆ ಕೊಡುತ್ತಾನೆ. ಕುಡಿಯುವವರು ಬಂದಿದ್ದಾರೆಂದು ಕಂಡರೆ ಆ ಜಲ್ಲೆಗಳ ನಡುವೆ ಒಂದು ಶುಂಠಿ ತುಂಡು, ಒಂದು ನಿಂಬೆಹಣ್ಣು ಸೇರಿಸಿ ಗಾಣಕ್ಕೆ ನೂಕುತ್ತಾನೆ. ಕಬ್ಬು ಚಟಚಟ ಸೀಳುತ್ತದೆ. ಹಿಂದಿನಿಂದ ಚಪ್ಪಟೆ ಸಿಪ್ಪೆ ಬೀಳುತ್ತದೆ, ಮುಂದಿನಿಂದ ಹಾಲು ಇಳಿಯುತ್ತದೆ.

ಕಬ್ಬಿನ ಹಾಲಿಗೆ ಐಸು ಬೇಡ. ಊರಿನವರು ಹಾಕುವುದೂ ಇಲ್ಲ. ಮಲೆನಾಡಿನ ಮಾಘದ ಚಳಿಯಲ್ಲಿ ರಾತ್ರಿಯೆಲ್ಲ ತಣ್ಣಗಾದ ಕಬ್ಬಿನಿಂದ ಬಂದ ಹಾಲಿಗೆ ಅದರದೇ ತಂಪು ಇರುತ್ತದೆ. ಹಸಿರು ಬೆರೆತ ಬೂದು ಬಣ್ಣ, ಮೇಲೆ ಎರಡು ಬೆರಳು ನೊರೆ. ಮೊದಲ ಗುಟುಕಿಗೆ ಸಿಹಿ, ಅದರ ಬೆನ್ನಿಗೆ ಶುಂಠಿಯ ಖಾರ, ಕೊನೆಗೆ ನಾಲಿಗೆಯ ಬುಡದಲ್ಲಿ ತೆಳ್ಳನೆಯ ಉಪ್ಪು. ಈ ಉಪ್ಪು ಯಾರೂ ಹಾಕಿದ್ದಲ್ಲ, ಕಬ್ಬು ನೆಲದಿಂದ ಹೀರಿಕೊಂಡದ್ದು. ಗದ್ದೆಯಿಂದ ಗದ್ದೆಗೆ ಹಾಲಿನ ರುಚಿ ಬೇರೆಯಾಗುತ್ತದೆ ಎಂದು ಇಲ್ಲಿನವರು ಹೇಳುವ ಮಾತು ಕುಡಿದವರಿಗೆ ಅರ್ಥವಾಗುತ್ತದೆ. ಲೋಟ ಹಿಡಿದು ಹರಟೆ ಹೊಡೆಯುತ್ತ ಕೂತರೆ ಮಾತ್ರ ಕೆಟ್ಟಿತು. ಗಾಳಿ ಸೋಕಿದ ಹಾಲು ನೋಡನೋಡುತ್ತಲೇ ಕಪ್ಪಾಗುತ್ತದೆ, ಸಂಜೆಯೊಳಗೆ ಹುಳಿಯುತ್ತದೆ. ಕಬ್ಬು ಕಡಿದ ಗಳಿಗೆಯಿಂದಲೇ ಅದರೊಳಗಿನ ಸಕ್ಕರೆ ಒಡೆಯಲು ಶುರುವಾಗುವುದರಿಂದ, ಕಡಿದದ್ದನ್ನು ಒಂದು ದಿನದೊಳಗೆ ಅರೆದು ಮುಗಿಸಲು ಆಲೆಮನೆ ಹಗಲೂ ರಾತ್ರಿ ನಡೆಯುತ್ತದೆ.

ಒಂದು ಲೋಟಕ್ಕೆ ಸಾಕೆನಿಸಿತೇ? ಹಾಗಾದರೆ ಮಿರ್ಚಿ ಭಜೆ ತಿನ್ನಬೇಕು, ಅಥವಾ ಖಾರದ ಮಂಡಕ್ಕಿ. ಬಾಯಿ ಚುರುಗುಟ್ಟಿದಾಗ ಕೈ ತಾನಾಗಿ ಮತ್ತೆ ಹಾಲಿನ ಲೋಟದತ್ತ ಹೋಗುತ್ತದೆ.

ಗಾಣದಿಂದ ಕೊಪ್ಪರಿಗೆಯ ಕಡೆ ಬಂದರೆ ಲೋಕವೇ ಬೇರೆ. ಇಲ್ಲಿ ಹಬೆ, ಬೆಂಕಿ, ಬೆವರು. ಹಾಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. ಅದಷ್ಟನ್ನೂ ಬೆಂಕಿಯೇ ಹೀರಬೇಕು. ಅದಕ್ಕೆ ಮೂರು ಗಂಟೆಗೂ ಮಿಕ್ಕಿ ಬೇಕು. 100 ಕಿಲೋ ಕಬ್ಬು ಅರೆದರೆ ಕೈಗೆ ಬರುವ ಬೆಲ್ಲ ಹತ್ತಿರ ಹತ್ತಿರ 10 ಕಿಲೋ. ಹಾಲು ಕಾಯುತ್ತಿದ್ದಂತೆ ಸ್ವಲ್ಪ ಸುಣ್ಣದ ತಿಳಿ ಬಿಡುತ್ತಾರೆ, ಕೆಲವರು ಬೆಂಡೆ ಗಿಡ ಜಜ್ಜಿ ಅದರ ಲೋಳೆ ಹಾಕುತ್ತಾರೆ. ಕಸವೆಲ್ಲ ಕಪ್ಪು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ಜಾಲರಿಯಿಂದ ತೆಗೆದು ಆಚೆ ಹಾಕುತ್ತಾರೆ. ಆಮೇಲೆ ಹಾಲಿನ ಬಣ್ಣ ಹೊಂಬಣ್ಣಕ್ಕೆ ತಿರುಗಿ, ಕೊಪ್ಪರಿಗೆಯ ತುಂಬ ಬೇರೊಂದು ನೊರೆ ಏಳುತ್ತದೆ. ಇದು ಎಸೆಯುವ ನೊರೆಯಲ್ಲ. ಇದೇ ನೊರೆಬೆಲ್ಲ.

ನೊರೆಬೆಲ್ಲವನ್ನು ಬಾಳೆಲೆಯ ಚೂರಿಗೆ ಹಾಕಿಸಿಕೊಂಡು, ಸಿಪ್ಪೆ ಕೆತ್ತಿದ ಕಬ್ಬಿನ ತುಂಡಿನಿಂದ ಬಳಿದು ತಿನ್ನಬೇಕು. ಬಾಯಿಗಿಟ್ಟ ಕೂಡಲೇ ಇಲ್ಲವಾಗುತ್ತದೆ. ಉಳಿಯುವುದು ಹೊಗೆಯ ವಾಸನೆ ಬೆರೆತ ಬಿಸಿ ಸಿಹಿ ಮಾತ್ರ. ಮಕ್ಕಳು ಕೊಪ್ಪರಿಗೆಯ ಸುತ್ತ ಸೇರುವುದು ಇದಕ್ಕೇ, ದೊಡ್ಡವರು “ಹತ್ರ ಬರಡಿ” ಎಂದು ಗದರುವುದೂ ಈ ಹೊತ್ತಿಗೇ. ಪಾಕ ನೋಡುವವನು ಮಾತ್ರ ಯಾರ ಮಾತಿಗೂ ಕಿವಿಗೊಡುವುದಿಲ್ಲ. ಸಟ್ಟುಗ ಎತ್ತಿ ಇಳಿಬಿಟ್ಟು ಎಳೆ ನೋಡುತ್ತಾನೆ, ಗುಳ್ಳೆ ಒಡೆಯುವ ಸದ್ದು ಕೇಳುತ್ತಾನೆ. ಕಾವು 105–106 ಡಿಗ್ರಿ ಸೆಲ್ಸಿಯಸ್‌ ಆದಾಗ ಇಳಿಸಿದರೆ ಜೋನಿಬೆಲ್ಲ. 118ರ ಹತ್ತಿರಕ್ಕೆ ಹೋದರೆ ಗಟ್ಟಿ ಬೆಲ್ಲ. ಅವನ ಕೈಯಲ್ಲಿ ಉಷ್ಣಮಾಪಕವಿಲ್ಲ. ಮಂಡ್ಯದ ಸೀಮೆಗೆ ಅಚ್ಚುಬೆಲ್ಲ ಹೇಗೋ, ಈ ಸೀಮೆಗೆ ಜೋನಿಬೆಲ್ಲ ಹಾಗೆ. ದೋಸೆಗೆ, ತೆಳ್ಳೇವಿಗೆ ನಂಚಿಕೊಳ್ಳಲು ವರ್ಷವಿಡೀ ಮನೆಯಲ್ಲಿ ಡಬ್ಬಿ ಇರಲೇಬೇಕು.

ಆಲೆಮನೆಯ ಹಾಲು ಅಡುಗೆಮನೆಗೆ ಹೋದ ಮೇಲೆ ಅದರ ರೂಪಗಳು ಹಲವು. ನೀರಿನ ಬದಲು ಕಬ್ಬಿನ ಹಾಲನ್ನೇ ಹಾಕಿ ಅಕ್ಕಿ ರುಬ್ಬಿದರೆ ಅಂಚು ಕೆಂಪಗೆ ಗರಿಯಾಗುವ ದೋಸೆ. ಅದೇ ಹಿಟ್ಟನ್ನು ತುಪ್ಪ, ಏಲಕ್ಕಿ ಹಾಕಿ ತಳ ಬಿಡುವತನಕ ಮಗುಚಿ ತಟ್ಟೆಗೆ ಹರಡಿದರೆ ಮಣ್ಣಿ. ಎಲ್ಲವೂ ರುಚಿಯೇ. ಆದರೆ ಇವುಗಳಲ್ಲಿ ನಾನು ಮೊದಲ ಮಣೆ ಹಾಕುವುದು ತೊಡೆದೇವಿಗೆ.

ಚಪ್ಪರದ ಹಿಂಬದಿಯಲ್ಲಿ ಒಬ್ಬ ಅಜ್ಜಿ ಒಲೆಯ ಮುಂದೆ ಕೂತಿದ್ದಾರೆ. ಒಲೆಯ ಮೇಲೆ ದೊಡ್ಡ ಹೊಟ್ಟೆಯ ಮಣ್ಣಿನ ಗಡಿಗೆ, ಬಾಯಿ ಕೆಳಗೆ ಮಾಡಿ ಕವುಚಿದೆ. ಪಕ್ಕದಲ್ಲಿ ಕಬ್ಬಿನ ಹಾಲಿನಲ್ಲಿ ನುಣ್ಣಗೆ ರುಬ್ಬಿದ ಅಕ್ಕಿಯ ಹಿಟ್ಟು, ಚಿಟಿಕೆ ಅರಿಸಿನ ಬಿದ್ದು ತಿಳಿ ಹಳದಿ, ನೀರಿನಷ್ಟು ತೆಳು. ಕಡ್ಡಿಗೆ ಕಟ್ಟಿದ ಬಿಳಿ ಬಟ್ಟೆಯೊಂದನ್ನು ಹಿಟ್ಟಿನಲ್ಲಿ ಅದ್ದಿ, ಎಣ್ಣೆ ಸವರಿದ ಗಡಿಗೆಯ ಬೆನ್ನಿನ ಮೇಲೆ ಒಂದೇ ಎಳೆತಕ್ಕೆ ಎಳೆಯುತ್ತಾರೆ. ‘ಚೊಂಯ್’ ಎಂಬ ಸದ್ದು ಮುಗಿಯುವುದರೊಳಗೆ ಹಿಟ್ಟು ಒಣಗಿ, ಈರುಳ್ಳಿಯ ಒಳಪದರದಂತೆ ಆಚೆಯ ಬೆಂಕಿಯ ಬೆಳಕು ಕಾಣುವಷ್ಟು ತೆಳ್ಳಗಾಗುತ್ತದೆ. ಅಂಚು ತಾನಾಗಿ ಏಳುತ್ತದೆ. ಬಿಸಿಯಿರುವಾಗಲೇ ಅಲ್ಲೇ ಮಡಚಿ ಮುಕ್ಕೋಣ ಮಾಡಿ ತೆಗೆಯಬೇಕು, ತಣ್ಣಗಾದರೆ ಪುಡಿಪುಡಿ. ಗಡಿಗೆ ಹೆಚ್ಚು ಕಾದರೆ ಹಿಟ್ಟು ಹಿಡಿಯುವುದಿಲ್ಲ, ಕಡಿಮೆ ಕಾದರೆ ಬಿಡುವುದಿಲ್ಲ. ಆದ್ದರಿಂದ ಅಜ್ಜಿಯ ಒಂದು ಕೈ ಬಟ್ಟೆಯ ಮೇಲಿದ್ದರೆ ಇನ್ನೊಂದು ಸೌದೆಯನ್ನು ಆಗಾಗ ಒಳಗೂ ಹೊರಗೂ ಸರಿಸುತ್ತಲೇ ಇರುತ್ತದೆ.

“ಕಷ್ಟ ಎಂತ ಇಲ್ಲ, ಕೈ ಕೂರವು ಅಷ್ಟೇ. ಈಗಿನವು ಒಲೆ ಎದ್ರಿಗೆ ಕೂರ್ತ್ವಿಲ್ಲೆ,” ಎನ್ನುತ್ತಲೇ ಅವರು ಮತ್ತೊಂದು ತೊಡೆಯುತ್ತಾರೆ.

ತೊಡೆದೇವು ಒಣಗಿದ್ದನ್ನೇ ತಿಂದರೆ ನಾಲಿಗೆಯ ಮೇಲೆ ಕರಗುತ್ತದೆ. ತಟ್ಟೆಗೆ ಹಾಕಿ, ಮೇಲೆ ಬಿಸಿ ಹಾಲು, ಒಂದು ಚಮಚ ತುಪ್ಪ ಸುರಿದರೆ ಪದರ ಪದರವಾಗಿ ಮೆತ್ತಗಾಗುತ್ತದೆ. ಕಬ್ಬಿನ ಸಿಹಿ ಹಾಲಿಗಿಳಿದು ಹಾಲೂ ಪಾಯಸವಾಗುತ್ತದೆ. ನೀರು ಸೋಕದಂತೆ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಮಳೆಗಾಲದಲ್ಲಿ ಬಂದ ನೆಂಟರಿಗೆ ಈ ಡಬ್ಬಿ ತೆಗೆಯುವುದೆಂದರೆ ಮಲೆನಾಡಿನ ಮನೆಗಳಲ್ಲಿ ದೊಡ್ಡ ಉಪಚಾರ.

ಹಿಂದೆ ಆಲೆಮನೆಗೆ ಬಂದವರಿಂದ ಹಾಲಿಗೆ ದುಡ್ಡು ಕೇಳುತ್ತಿರಲಿಲ್ಲ. ಈಗ ಆಲೆಮನೆ ಹಬ್ಬಗಳಲ್ಲಿ ತಲೆಗಿಷ್ಟು ಎಂದು ಟಿಕೆಟ್ ಇಡುತ್ತಾರೆ. ಇದನ್ನು ಕಂಡು ಬೇಸರಪಡುವವರಿದ್ದಾರೆ, ನನಗೆ ಬೇಸರವಿಲ್ಲ. ಕಬ್ಬು ಬೆಳೆದವರಿಗೆ, ಕೋಣ ಸಾಕಿದವರಿಗೆ, ಹೊಗೆಯಲ್ಲಿ ಕಣ್ಣು ಉಜ್ಜುತ್ತ ತೊಡೆದೇವು ತೊಡೆದವರಿಗೆ ನಾಲ್ಕು ಕಾಸು ಸಿಕ್ಕರೆ ಮುಂದಿನ ವರ್ಷವೂ ಚಪ್ಪರ ಏಳುತ್ತದೆ. ಬೇಸರವಾಗುವುದು, ಅಷ್ಟು ದೂರದಿಂದ ಬಂದು ಹಾಲಿಗೆ ಐಸು ಕೇಳುವವರನ್ನು, ಕಪ್ಪಗಿದೆಯೆಂದು ಒಳ್ಳೆಯ ಬೆಲ್ಲವನ್ನು ಬಿಟ್ಟುಹೋಗುವವರನ್ನು ಕಂಡಾಗ. ಬೆಳ್ಳಗೆ ಹೊಳೆಯುವ ಬೆಲ್ಲದ ಹಿಂದೆ ಬಹಳ ಸಲ ಇರುವುದು ರಾಸಾಯನಿಕ. ಕಂದು ಬಣ್ಣವೇ ಬೆಲ್ಲದ ನಿಜವಾದ ಬಣ್ಣ.

ಹೋಗುವುದಾದರೆ ಶಿವರಾತ್ರಿಯೊಳಗೆ ಹೋಗಿ, ಆಮೇಲೆ ಒಂದೊಂದೇ ಗಾಣ ನಿಲ್ಲುತ್ತದೆ. ಜೋನಿಬೆಲ್ಲಕ್ಕೆ ಬಿಗಿ ಮುಚ್ಚಳದ ಡಬ್ಬಿ ಮನೆಯಿಂದಲೇ ಒಯ್ಯಿರಿ. ತೊಡೆದೇವಿಗೆ ಮಾತ್ರ ದಯವಿಟ್ಟು ಚೌಕಾಸಿ ಮಾಡಬೇಡಿ.